ಕಡಲಾಚೆಯ ದುಡಿಮೆಗೆ ವಿಮೆಯ ಕಾಗದ

ಚನ್ನಗಿರಿ ತಾಲ್ಲೂಕಿನ ನಲ್ಲೂರನ್ನು ನಿಮ್ಮಲ್ಲಿ ಕೆಲವರಾದರೂ ಬಲ್ಲಿರಿ. ಅಡಿಕೆಯ ಸೀಮೆ ಅದು. ಕೊಯ್ಲಿನ ದಿನಗಳಲ್ಲಿ ಆ ಕಡೆ ಹೋದರೆ ಬೇಯಿಸಿದ ಅಡಿಕೆಯ ಚೊಗರಿನ ವಾಸನೆ ಬಸ್ಸಿನ ಒಳಕ್ಕೂ ನುಗ್ಗಿ ಬರುತ್ತದೆ. ಮೊದಲು ಶಿವಮೊಗ್ಗ ಜಿಲ್ಲೆಗೆ ಸೇರಿದ್ದ ಈ ತಾಲ್ಲೂಕು 1997ರಲ್ಲಿ ದಾವಣಗೆರೆ ಜಿಲ್ಲೆ ಹೊಸದಾಗಿ ಆದಾಗ ಅದರ ಪಾಲಿಗೆ ಬಂತು. ಆದರೆ ಈಚಿನ ವರ್ಷಗಳಲ್ಲಿ ಅಲ್ಲಿನ ಹುಡುಗರು ಕೂಲಿಯ ಲೆಕ್ಕ ಹಾಕುವಾಗ ಶಿವಮೊಗ್ಗವನ್ನಾಗಲಿ ದಾವಣಗೆರೆಯನ್ನಾಗಲಿ ನೆನೆಯುವುದಕ್ಕಿಂತ ದುಬೈ, ಷಾರ್ಜಾ, ರಿಯಾದುಗಳನ್ನು ನೆನೆಯುವುದೇ ಹೆಚ್ಚಾಗಿದೆ.

ನಾನು ವಿಮಾ ಕಚೇರಿಯೊಂದರಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತನಾದವನು. ನಿವೃತ್ತನಾದರೂ ಜನ ಬಿಡುವುದಿಲ್ಲ. ಯಾರ ಮನೆಗೆ ಯಾವ ವಿಮೆಯ ಕಾಗದ ಬಂದರೂ ಅದು ಒಮ್ಮೆ ನನ್ನ ಜಗಲಿಯನ್ನು ಹತ್ತಿ ಇಳಿಯಬೇಕು. ಹೀಗೆ ಒಂದು ದಿನ ಬೆಳಿಗ್ಗೆ ಅಡಿಕೆ ಸುಲಿಯುವ ಕೆಲಸದ ಒಬ್ಬ ತಾಯಿ ಬಂದಳು. ಆಕೆಯ ಬೆರಳುಗಳು ಚೊಗರಿನಿಂದ ಕಪ್ಪಾಗಿದ್ದವು. ಸೆರಗಿನಲ್ಲಿ ಸುತ್ತಿಟ್ಟಿದ್ದ ಎರಡು ಹಾಳೆಯ ಇಂಗ್ಲಿಷ್ ಕಾಗದವನ್ನು ಬಿಡಿಸಿ ನನ್ನ ಮುಂದೆ ಇಟ್ಟಳು.

"ಹುಡುಗ ಹದಿನೈದು ದಿನಕ್ಕೆ ಹೊರಡ್ತಾನೆ ಸಾರ್. ಇನ್ಸೂರೆನ್ಸು ಮಾಡ್ಸಿದೀವಿ ಅಂತ ಏಜೆಂಟು ಇದನ್ನ ಕೊಟ್ಟವ್ನೆ. ಎಲ್ಲ ಇದ್ರಾಗೇ ಬಂತಾ?"

ಈ ಭಾಷಣಕ್ಕೆ ಕಾರಣವಾದದ್ದು ಆಕೆಯ ಆ ಒಂದು ಪ್ರಶ್ನೆ. "ಎಲ್ಲ ಇದ್ರಾಗೇ ಬಂತಾ?" ಎಂದು ಕೇಳುವವರು ಬಹಳ ಮಂದಿ ಇಲ್ಲ. ಕಾಗದ ಇದೆ, ಮೊಹರು ಇದೆ, ದುಡ್ಡು ಕೊಟ್ಟಾಗಿದೆ. ಇನ್ನೇನು ಎಂದು ಪೆಟ್ಟಿಗೆಗೆ ಹಾಕುವವರೇ ಹೆಚ್ಚು.

ಕಾಗದವನ್ನು ಓದಿದೆ. ಮೂವತ್ತು ದಿನಗಳ ಪ್ರವಾಸ ವಿಮೆ. ಪ್ರಯಾಣದ ಉದ್ದೇಶ ಎಂಬ ಕಡೆ 'ವಿಹಾರ' ಎಂದು ಬರೆದಿತ್ತು. ಹುಡುಗ ಹೋಗುತ್ತಿದ್ದದ್ದು ಷಾರ್ಜಾಕ್ಕೆ, ಕಟ್ಟಡದ ಸೆಂಟ್ರಿಂಗ್ ಕೆಲಸಕ್ಕೆ, ಎರಡು ವರ್ಷಕ್ಕೆ. ಏಳುನೂರ ಮೂವತ್ತು ದಿನದ ದುಡಿಮೆಗೆ ಮೂವತ್ತು ದಿನದ ವಿಹಾರದ ಕಾಗದ! ನಾನು ನಗಬಾರದಾಗಿತ್ತು; ನಕ್ಕುಬಿಟ್ಟೆ. ಆ ತಾಯಿಯ ಮುಖ ನೋಡಿದ ಮೇಲೆ ನಾಚಿಕೆಯಾಯಿತು.

ನೀವೂ ನಿಮ್ಮ ಮನೆಯಿಂದ ಯಾರನ್ನಾದರೂ ದುಡಿಮೆಗೆ ಪರದೇಶಕ್ಕೆ ಕಳಿಸುವವರಾಗಿದ್ದರೆ, ಇಲ್ಲವೆ ನೀವೇ ಹೊರಟವರಾಗಿದ್ದರೆ, ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದ ಸಂಗತಿ ಒಂದುಂಟು. 'ವಿಮೆ' ಎಂಬ ಒಂದೇ ಹೆಸರಿನಲ್ಲಿ ಓಡಾಡುವ ಕಾಗದಗಳು ಮೂರು ನಾಲ್ಕು ಜಾತಿಯವು. ಅವು ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ. ನಮ್ಮ ಕಡೆಯ ಅಡಿಕೆ ಬೆಳೆಗಾರರಿಗೆ ಇದನ್ನು ಹೇಳಿಕೊಡಬೇಕಾದ್ದಿಲ್ಲ. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ನಿಮ್ಮ ತೋಟದ ಮರ ನೋಡಿ ಯಾರೂ ಹಣ ಕೊಡುವುದಿಲ್ಲ. ಮಳೆಮಾಪಕ ಏನು ಹೇಳಿತೋ ಅದರ ಮೇಲೆ ಕೊಡುತ್ತಾರೆ. ನಿಮ್ಮ ತೋಟದಲ್ಲಿ ಕೊಳೆ ಬಂದು ಕಾಯಿ ಉದುರಿದ್ದರೂ ಮಾಪಕದ ಲೆಕ್ಕ ಸರಿಯಿದ್ದರೆ ಹಣ ಇಲ್ಲ. ವಿಮೆ ನಿಮ್ಮ ಕಷ್ಟವನ್ನು ನೋಡುವುದಿಲ್ಲ, ಕರಾರಿನಲ್ಲಿ ಬರೆದ ಕಷ್ಟವನ್ನು ಮಾತ್ರ ನೋಡುತ್ತದೆ. ಪರದೇಶದ ವಿಮೆಯೂ ಹೀಗೆಯೇ.

ಟಿಕೇಟಿನ ಜತೆಗೆ ಮಾರುವ ಪ್ರವಾಸ ವಿಮೆಯನ್ನು ಮೊದಲು ನೋಡೋಣ. ಇದು ಹೋಗಿಬರುವವರಿಗಾಗಿ ಹುಟ್ಟಿದ್ದು. ಇಂಗ್ಲೆಂಡಿನಲ್ಲಿ 1849ರಷ್ಟು ಹಿಂದೆಯೇ ರೈಲು ಪ್ರಯಾಣಿಕರಿಗೆ ಟಿಕೇಟಿನೊಂದಿಗೆ ಅಪಘಾತ ವಿಮೆ ಮಾರುವ ಕಂಪನಿ ಹುಟ್ಟಿಕೊಂಡಿತ್ತು. ಇಳಿಯುವ ನಿಲ್ದಾಣ ಬಂತೆಂದರೆ ವಿಮೆಯೂ ಮುಗಿಯಿತು. ಇಂದಿನ ಪ್ರವಾಸ ವಿಮೆಯ ರಕ್ತದಲ್ಲಿಯೂ ಅದೇ ಗುಣ ಇದೆ. ಪೆಟ್ಟಿಗೆ ಕಳೆದರೆ, ಪಾಸ್‌ಪೋರ್ಟ್ ಕಳೆದರೆ, ವಿಮಾನ ತಡವಾದರೆ, ಇದ್ದಕ್ಕಿದ್ದಂತೆ ಕಾಯಿಲೆ ಬಿದ್ದರೆ ಅದು ಒದಗುತ್ತದೆ. ಕಾಯಿಲೆಯಲ್ಲಿಯೂ ತುರ್ತಿನದು ಮಾತ್ರ. ಪ್ರಾಣಕ್ಕೆ ಅಪಾಯವಿಲ್ಲ, ವಿಮಾನ ಹತ್ತಬಹುದು ಎಂದು ವೈದ್ಯರು ಹೇಳಿದ ಮೇಲೆ 'ಊರಿಗೆ ಹೋಗಿ ಉಳಿದ ಚಿಕಿತ್ಸೆ ಮಾಡಿಸಿಕೊಳ್ಳಿ' ಎನ್ನುವುದೇ ಅದರ ಧರ್ಮ. ಒಂದು ಪ್ರಯಾಣಕ್ಕೆ ಸಾಮಾನ್ಯವಾಗಿ ನೂರ ಎಂಬತ್ತು ದಿನದವರೆಗೆ ಸಿಗುತ್ತದೆ. ಅಲ್ಲಿಂದ ಮುಂದಕ್ಕೆ ವಿಸ್ತರಿಸಬೇಕಾದರೆ ಅವಧಿ ಮುಗಿಯುವ ಮೊದಲೇ ಕಂಪನಿಯನ್ನು ಕೇಳಬೇಕು, ಅದು ಒಪ್ಪಬೇಕು. 'ವರ್ಷವಿಡೀ' ಎಂದು ದಪ್ಪಕ್ಷರದಲ್ಲಿ ಬರೆದ ಇನ್ನೊಂದು ಬಗೆ ಉಂಟು. ಅದನ್ನು ನೋಡಿ ಮೋಸಹೋಗಬೇಡಿ. ವರ್ಷದಲ್ಲಿ ಎಷ್ಟು ಸಲವಾದರೂ ಹೋಗಿಬರಬಹುದು ಎಂದು ಅದರ ಅರ್ಥ; ಪ್ರತಿ ಸಲವೂ ಮೂವತ್ತೋ ನಲವತ್ತೈದೋ ಅರವತ್ತೋ ದಿನ ಎಂಬ ಮಿತಿ ಸಣ್ಣಕ್ಷರದಲ್ಲಿ ಇರುತ್ತದೆ. ಅದು ವ್ಯಾಪಾರಸ್ಥರಿಗೆ ಹೇಳಿದ್ದು, ಸೆಂಟ್ರಿಂಗ್ ಕೆಲಸದವನಿಗಲ್ಲ.

ಇನ್ನು ಉದ್ದೇಶದ ಮಾತು. ವಿಹಾರ ಎಂದು ಬರೆಸಿ ಕೂಲಿಗೆ ಹೋದವನು ಹಲಗೆಯ ಮೇಲಿಂದ ಬಿದ್ದು ಕಾಲು ಮುರಿದುಕೊಂಡರೆ, ಕಂಪನಿಯವರು ಮೊದಲು ಕೇಳುವುದು 'ನೀನು ಆ ಹಲಗೆ ಹತ್ತಿದ್ದು ಏಕೆ?' ಎಂದು. ಮೈಕೈ ದುಡಿಮೆಯ ಅಪಘಾತಗಳನ್ನು, ಎತ್ತರದ ಕೆಲಸವನ್ನು, ಅಪಾಯದ ಯಂತ್ರಗಳನ್ನು ಹೊರಗಿಡುವ ಷರತ್ತು ಎಷ್ಟೋ ಪತ್ರಗಳಲ್ಲಿದೆ. ಆದ್ದರಿಂದ 'ಉದ್ಯೋಗಕ್ಕೆ ಹೋಗುತ್ತಿದ್ದೇನೆ, ಕೆಲಸ ಇಂಥದು' ಎಂದು ಬರೆಸಿಯೇ ಪತ್ರ ಕೊಳ್ಳಬೇಕು. ಕೆಲವು ಕಂಪನಿಗಳು ಕೊಡುತ್ತವೆ, ಕೆಲವು ಇಲ್ಲ ಎನ್ನುತ್ತವೆ. ಇಲ್ಲ ಎಂದವರಲ್ಲಿ ಸುಳ್ಳು ಹೇಳಿ ಕೊಳ್ಳುವುದಕ್ಕಿಂತ ದುಡ್ಡು ಉಳಿಸಿಕೊಳ್ಳುವುದು ಲೇಸು.

ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ವಿಷಯವೂ ಅಷ್ಟೆ. ಮೊದಲೇ ಇದ್ದ ರೋಗವನ್ನು ಮುಚ್ಚಿಟ್ಟರೆ, ಅಲ್ಲಿನ ಆಸ್ಪತ್ರೆಯ ಚೀಟಿಯೇ ನಿಮ್ಮ ಮೇಲೆ ಸಾಕ್ಷಿ ಹೇಳುತ್ತದೆ. ಗಲ್ಫ್ ದೇಶಗಳವರು ಒಪ್ಪಿದ ವೈದ್ಯಕೀಯ ಕೇಂದ್ರದಲ್ಲಿ ಪರೀಕ್ಷೆ ಪಾಸಾಗಿದೆಯಲ್ಲ, ಇನ್ನೇನು ಎಂದು ಹಲವರು ನನ್ನೊಡನೆ ವಾದಿಸಿದ್ದಾರೆ. ಆ ಪರೀಕ್ಷೆ ವೀಸಾಕ್ಕಾಗಿ. ವಿಮೆಯ ಕಂಪನಿಗೆ ಕೊಡುವ ಹೇಳಿಕೆ ಬೇರೆ. ಒಂದು ಇನ್ನೊಂದನ್ನು ಮನ್ನಿಸುವುದಿಲ್ಲ.

ನಾನು ಆ ತಾಯಿಯನ್ನು ಕೇಳಿದೆ: "ಹುಡುಗ ಎಷ್ಟನೆಯ ಇಯತ್ತೆಯವರೆಗೆ ಓದಿದ್ದಾನೆ?"

"ಎಂಟು, ಸಾರ್."

"ಹಾಗಾದರೆ ಇನ್ನೊಂದು ಕಾಗದ ಇರಬೇಕಲ್ಲ ತಾಯಿ. ಪ್ರವಾಸಿ ಭಾರತೀಯ ಬಿಮಾ ಯೋಜನೆ ಎಂದು ಬರೆದದ್ದು?"

ಇಲ್ಲ ಎಂದಳು. ಆಗ ನನಗೆ ನಗು ಹೋಗಿ ಗಾಬರಿ ಹತ್ತಿತು. ಕಾರಣ ಹೇಳುತ್ತೇನೆ.

1983ರ ವಲಸೆ ಕಾಯ್ದೆಯ ವ್ಯವಸ್ಥೆಯಲ್ಲಿ, ಹತ್ತನೆಯ ತರಗತಿ ಪಾಸಾಗದವರಿಗೆ ಸಾಮಾನ್ಯವಾಗಿ ಕೊಡುವ ಪಾಸ್‌ಪೋರ್ಟು ವಲಸೆ ಅನುಮತಿ ಬೇಕಾದ ಬಗೆಯದು. ಇಂಥ ಪಾಸ್‌ಪೋರ್ಟಿನವರು ಹದಿನೆಂಟು ದೇಶಗಳಿಗೆ ಉದ್ಯೋಗಕ್ಕೆ ಹೋಗಬೇಕಾದರೆ ವಲಸೆ ಸಂರಕ್ಷಕರ ಅನುಮತಿ ಪಡೆಯಬೇಕು. ಸೌದಿ ಅರೇಬಿಯಾ, ಸಂಯುಕ್ತ ಅರಬ್ ಎಮಿರೇಟ್ಸ್, ಕುವೈತ್, ಕತಾರ್, ಒಮಾನ್, ಬಹ್ರೇನ್, ಮಲೇಷಿಯಾ, ಸೂಡಾನ್ ಮೊದಲಾದವು ಆ ಪಟ್ಟಿಯಲ್ಲಿವೆ. ಆ ಅನುಮತಿಗೆ ಮುನ್ನ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ಪತ್ರ ಕಡ್ಡಾಯ. 2003ರಲ್ಲಿ ಆರಂಭವಾದ ಈ ಯೋಜನೆಯನ್ನು ನಡುವೆ ತಿದ್ದಿ, 2017ರಲ್ಲಿ ಮತ್ತೊಮ್ಮೆ ಪರಿಷ್ಕರಿಸಿದರು. ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ, ಅದರ ಮೇಲೆ ತೆರಿಗೆ. ಒಂದು ಹೊತ್ತಿನ ಬಿರಿಯಾನಿಯ ಬೆಲೆ. ಅಪಘಾತದಿಂದ ಸತ್ತರೆ ಅಥವಾ ಶಾಶ್ವತವಾಗಿ ಅಂಗಹೀನನಾದರೆ ಹತ್ತು ಲಕ್ಷ ರೂಪಾಯಿ. ಕಾಯಿಲೆ ಗಾಯಗಳ ಆಸ್ಪತ್ರೆ ಖರ್ಚಿಗೆ ಒಂದು ಲಕ್ಷದವರೆಗೆ, ಅದರಲ್ಲಿ ಒಂದು ಸಲದ ದಾಖಲಿಗೆ ಐವತ್ತು ಸಾವಿರದ ಮಿತಿ. ಉದ್ಯೋಗದ ವಿಷಯದಲ್ಲಿ ವ್ಯಾಜ್ಯ ಬಂದರೆ ನಲವತ್ತೈದು ಸಾವಿರದವರೆಗೆ ಕಾನೂನಿನ ಖರ್ಚು. ಹೆಂಗಸರಿಗೆ ಹೆರಿಗೆಯ ವೆಚ್ಚ. ಶವವನ್ನು ಊರಿಗೆ ತರುವ ವೆಚ್ಚವೂ ಉಂಟು. ಪರಿಷ್ಕರಣವಾದ ಮೇಲೆ ಮಾಲಿಕ ಬದಲಾದರೂ ಹತ್ತು ಲಕ್ಷದ ಹಕ್ಕು ಹೋಗುವುದಿಲ್ಲ. ಅವಧಿ ಮುಗಿಯುವಾಗ ಅಲ್ಲಿಂದಲೇ ನವೀಕರಿಸಬಹುದು.

ನನಗೆ ಗಾಬರಿ ಆದದ್ದು ಈ 275 ರೂಪಾಯಿಯ ಕಾಗದ ಇಲ್ಲವೆಂದಲ್ಲ. ಅದು ಇಲ್ಲವೆಂದರೆ ವಲಸೆ ಅನುಮತಿಯೂ ಆಗಿಲ್ಲ ಎಂದು ಅರ್ಥ. ಅನುಮತಿ ಆಗದೆ ಹದಿನೈದು ದಿನದಲ್ಲಿ ಹೊರಡುತ್ತಾನೆ ಎಂದರೆ, ಏಜೆಂಟ್ ಮಹಾಶಯ ಹುಡುಗನನ್ನು ಸಂದರ್ಶಕರ ವೀಸಾದಲ್ಲಿ ವಿಮಾನ ಹತ್ತಿಸಿ, ಅಲ್ಲಿ ಹೋದ ಮೇಲೆ ಕೆಲಸದ ವೀಸಾ ಮಾಡಿಸೋಣ ಎಂಬ ಹಂಚಿಕೆಯಲ್ಲಿದ್ದಾನೆ. ವಿಮೆಯ ಪತ್ರದಲ್ಲಿ 'ವಿಹಾರ' ಎಂದು ಬರೆದದ್ದೂ ಅದಕ್ಕೇ. ನೋಡಲು ಬರುವವನಿಗೆ ವಲಸೆ ಅನುಮತಿ ಬೇಡ. ದುಡಿಯಲು ಹೋಗುವವನಿಗೆ ಬೇಕು. ಸಂದರ್ಶಕರ ವೀಸಾದಲ್ಲಿದ್ದು ದುಡಿಯುವುದು ಆ ದೇಶದ ಕಾನೂನಿನಲ್ಲಿ ಅಪರಾಧ. ಅಂಥವನಿಗೆ ಮಾಲಿಕನ ಆರೋಗ್ಯ ಕಾರ್ಡಿಲ್ಲ, ಸರ್ಕಾರದ ವಿಮೆ ಇಲ್ಲ, ಕೈಲಿರುವ ಪ್ರವಾಸದ ಪತ್ರ ಸುಳ್ಳಿನದು. ಸೆಂಟ್ರಿಂಗಿನ ಹಲಗೆಯಿಂದ ಬಿದ್ದರೆ ಹಿಡಿಯುವವರಿಲ್ಲ. ಇದನ್ನೆಲ್ಲ ಆ ತಾಯಿಗೆ ಹೇಳುವುದು ಹೇಗೆ ಎಂದು ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ.

ಆಮೇಲೆ ಹೇಳಿದೆ. "ಹುಡುಗನನ್ನು ಕರೆದುಕೊಂಡು ಬಾ ತಾಯಿ. ಟಿಕೇಟಿನ ದುಡ್ಡು ಹೋದರೂ ಹೋಗಲಿ." ಸಂಜೆಗೆ ಹುಡುಗ ಬಂದ. ಸಿಟ್ಟಿನಿಂದಲೇ ಬಂದ. ತಾಯಿ ಓಲೆ ಅಡವಿಟ್ಟ ದುಡ್ಡು ಅದು. ಮುದುಕನೊಬ್ಬ ಜಗಲಿಯ ಮೇಲೆ ಕೂತು ಬೇಡ ಎಂದರೆ ಯಾರಿಗೆ ಸಿಟ್ಟು ಬಾರದು?

ಇಲ್ಲಿ ಕಥೆಯನ್ನು ಸ್ವಲ್ಪ ನಿಲ್ಲಿಸಿ ಇದೇ ತಾಲ್ಲೂಕಿನ ಇನ್ನೊಂದು ಸಂಗತಿಯನ್ನು ಹೇಳಬೇಕು. ಆ ಹುಡುಗನಿಗೂ ಇದನ್ನೇ ಹೇಳಿದೆ.

ಚನ್ನಗಿರಿ ತಾಲ್ಲೂಕಿನ ಗೋಪನಾಳ, ಅಸ್ತಾಪನಹಳ್ಳಿಗಳಲ್ಲಿ ಹಕ್ಕಿಪಿಕ್ಕಿ ಜನರಿದ್ದಾರೆ. ಶಿವಮೊಗ್ಗದ ಹತ್ತಿರದ ಸದಾಶಿವಪುರದಲ್ಲಿ, ಹುಣಸೂರಿನ ಪಕ್ಷಿರಾಜಪುರದಲ್ಲಿ ಇವರ ಬಂಧುಬಳಗವಿದೆ. ಮನೆಯಲ್ಲಿ ಗುಜರಾತಿಗೆ ಹತ್ತಿರವಾದ ವಾಗ್ರಿ ಮಾತು, ಸಂತೆಯಲ್ಲಿ ಕನ್ನಡ. ಹೆಸರೇ ಹೇಳುವಂತೆ ಹಕ್ಕಿ ಹಿಡಿಯುವುದು ಹಿಂದಿನ ಕಸುಬು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದು ನಿಂತಿತು. ಬೇರು ನಾರುಗಳ ಎಣ್ಣೆ, ತಲೆಗೂದಲ ಎಣ್ಣೆ, ನೋವಿನ ಎಣ್ಣೆಗಳನ್ನು ಮಾರುವುದನ್ನು ಹಿಡಿದರು. ಊರೂರು ಸುತ್ತುವ ಜನರಿಗೆ ಸಮುದ್ರ ಒಂದು ಅಡ್ಡಿಯೆನಿಸಲಿಲ್ಲ. ಆಫ್ರಿಕಾದ ಹಲವು ದೇಶಗಳಿಗೆ ಗಂಡು ಹೆಣ್ಣು ಮಕ್ಕಳೊಂದಿಗೆ ಗುಂಪಾಗಿ ಹೋಗಿ ಕೆಲವು ತಿಂಗಳು ವ್ಯಾಪಾರ ಮಾಡಿ ಬರುವುದು ರೂಢಿಯಾಯಿತು. ದಾವಣಗೆರೆ ಪೇಟೆಯನ್ನು ಪೂರ್ತಿ ಕಂಡಿರದವರು ಆಫ್ರಿಕಾದ ಪೇಟೆಗಳ ಹೆಸರನ್ನು ಪಟಪಟನೆ ಹೇಳುವುದನ್ನು ಕೇಳಬೇಕು!

2023ರ ಏಪ್ರಿಲ್ 15ರಂದು ಸೂಡಾನಿನಲ್ಲಿ ಸೈನ್ಯಕ್ಕೂ ಅರೆಸೈನಿಕ ಪಡೆಗೂ ಕಾಳಗ ಹತ್ತಿತು. ಆಗ ಕರ್ನಾಟಕದ ಹಕ್ಕಿಪಿಕ್ಕಿಗಳು ನೂರಕ್ಕೂ ಮಿಕ್ಕಿ ಅಲ್ಲಿ ಸಿಕ್ಕಿಕೊಂಡಿದ್ದರು. ಅವರಲ್ಲಿ ಅನೇಕರು ಇದ್ದದ್ದು ಎಲ್ ಫಾಷರ್ ಎಂಬ ಊರಿನಲ್ಲಿ; ಅದು ದೇಶದ ಪಶ್ಚಿಮದ ದಾರ್ಫುರದಲ್ಲಿದೆ. ಹಡಗು ಹತ್ತಬೇಕಾದ ಪೋರ್ಟ್ ಸೂಡಾನ್ ಇರುವುದು ಪೂರ್ವದ ತುದಿಯಲ್ಲಿ, ಕೆಂಪು ಸಮುದ್ರದ ದಡದಲ್ಲಿ. ಅನ್ನ ನೀರಿಲ್ಲದೆ, ಹೊರಗೆ ಗುಂಡಿನ ಸದ್ದು ಕೇಳುತ್ತ ಬಾಗಿಲು ಹಾಕಿಕೊಂಡು ಕುಳಿತವರ ಮಾತು ದೂರವಾಣಿಯಲ್ಲಿ ನಮ್ಮ ಹಳ್ಳಿಗಳಿಗೆ ಬರುತ್ತಿತ್ತು. ಏಪ್ರಿಲ್ 24ರಂದು ಭಾರತ ಸರ್ಕಾರ 'ಆಪರೇಷನ್ ಕಾವೇರಿ'ಯನ್ನು ಪ್ರಕಟಿಸಿತು. ನೌಕಾಪಡೆಯ ಹಡಗುಗಳು ಪೋರ್ಟ್ ಸೂಡಾನಿನಿಂದ ಜಿದ್ದಾಕ್ಕೆ, ಅಲ್ಲಿಂದ ವಿಮಾನಗಳು ಭಾರತಕ್ಕೆ. ಮೂರು ಸಾವಿರದ ಎಂಟುನೂರಕ್ಕೂ ಹೆಚ್ಚು ಜನರನ್ನು ಹೀಗೆ ಕರೆತಂದರು. ಹಕ್ಕಿಪಿಕ್ಕಿಗಳು ತಂಡ ತಂಡವಾಗಿ ಬೆಂಗಳೂರಿಗೆ ಬಂದು ಇಳಿದರು. ಅಲ್ಲಿಯೂ ಕೆಲವರಿಗೆ ಒಡನೆ ಮನೆ ಸೇರುವ ಭಾಗ್ಯವಿರಲಿಲ್ಲ. ಹಳದಿ ಜ್ವರದ ಲಸಿಕೆಯ ಪತ್ರವಿಲ್ಲದವರನ್ನು ಪ್ರತ್ಯೇಕವಾಗಿ ಇರಿಸಿದರು. ಒಂದು ಸಲ ಹಾಕಿಸಿಕೊಂಡರೆ ಜೀವಮಾನವಿಡೀ ನಡೆಯುವ ಲಸಿಕೆ ಅದು. ಪ್ರಯಾಣಕ್ಕೆ ಹತ್ತು ದಿನ ಮುಂಚೆ ಹಾಕಿಸಿರಬೇಕು, ಅಷ್ಟೆ. ವಿಮೆಯ ಮಾತಿನ ನಡುವೆ ಇದೇಕೆ ಎನ್ನಬೇಡಿ. ಆಫ್ರಿಕಾಕ್ಕೆ ಹೊರಟವರ ಚೀಲದಲ್ಲಿ ವಿಮೆಯ ಕಾಗದಕ್ಕಿಂತ ಮೊದಲು ಇರಬೇಕಾದದ್ದು ಅದು.

ಈಗ ಯೋಚಿಸಿ ನೋಡಿ. ಅವರ ಬಳಿ ಯಾವ ವಿಮೆ ಇದ್ದಿದ್ದರೆ ಒದಗುತ್ತಿತ್ತು? ಸೂಡಾನು ಆ ಹದಿನೆಂಟು ದೇಶಗಳ ಪಟ್ಟಿಯಲ್ಲಿದೆ, ನಿಜ; ಆದರೆ ಆ ಅನುಮತಿ, ಆ ವಿಮೆ ಕೂಲಿಗೆ ಹೋಗುವವರಿಗೆ. ಇವರು ಯಾರ ಕೂಲಿಯವರೂ ಅಲ್ಲ, ತಮ್ಮ ತಲೆಹೊರೆಯ ವ್ಯಾಪಾರಿಗಳು. ಮಾಲಿಕನೇ ಇಲ್ಲದ ಮೇಲೆ ಮಾಲಿಕನ ಆರೋಗ್ಯ ಕಾರ್ಡೆಲ್ಲಿಯದು? ಉಳಿದದ್ದು ಪ್ರವಾಸ ವಿಮೆ. ಯುದ್ಧ, ದಂಗೆ, ಅಂತಃಕಲಹಗಳಿಂದಾದ ನಷ್ಟವನ್ನು ಹೊರಗಿಡುವ ಷರತ್ತು ಅಂಥ ಪತ್ರಗಳಲ್ಲಿ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅಂದರೆ ಗುಂಡು ಹಾರುವ ಹೊತ್ತಿನಲ್ಲಿ ಯಾವ ಕಂಪನಿಯೂ ಬರುವುದಿಲ್ಲ. ಸರ್ಕಾರದ ಹಡಗೇ ಬರಬೇಕು. 1990ರಲ್ಲಿ ಕುವೈತಿನಿಂದ ಒಂದು ಲಕ್ಷಕ್ಕೂ ಮಿಕ್ಕ ಭಾರತೀಯರನ್ನು ವಿಮಾನಗಳಲ್ಲಿ ಕರೆತಂದದ್ದೂ, 2015ರಲ್ಲಿ ಯೆಮೆನ್ನಿನಿಂದ ಕರೆತಂದದ್ದೂ ಹೀಗೆಯೇ. ನಾನು ವಿಮೆಯ ಕಚೇರಿಯ ಉಪ್ಪು ತಿಂದವನಾದರೂ ಇದನ್ನು ಮರೆಮಾಚಲಾರೆ. ಆದರೆ ಯುದ್ಧಕ್ಕಿಲ್ಲವೆಂದು ಮಲೇರಿಯಾಕ್ಕೂ ಬೇಡವೆ? ಆಫ್ರಿಕಾದಲ್ಲಿ ಜ್ವರ ಹಿಡಿದು ಮಲಗಿದ ವ್ಯಾಪಾರಿಗೆ ಆರು ತಿಂಗಳ ಪ್ರವಾಸ ವಿಮೆ ಚೆನ್ನಾಗಿಯೇ ಒದಗುತ್ತದೆ, ವ್ಯಾಪಾರಕ್ಕೆ ಎಂದು ನಿಜ ಬರೆಸಿದ್ದರೆ.

ಅಲ್ಲಿಗೆ ಹೋದ ಮೇಲೆ ಮಾಡಬೇಕಾದ ಇನ್ನೊಂದು ಕೆಲಸಕ್ಕೆ ಕಾಸೂ ಖರ್ಚಿಲ್ಲ. ಭಾರತದ ರಾಯಭಾರ ಕಚೇರಿಯಲ್ಲಿ ಹೆಸರು ವಿಳಾಸ ದಾಖಲು ಮಾಡಿಸುವುದು. ಹಡಗು ಬಂದಾಗ ಯಾರನ್ನು ಹುಡುಕಬೇಕೆಂದು ತಿಳಿಯುವುದು ಆ ಪಟ್ಟಿಯಿಂದ. 2009ರಿಂದ ನಮ್ಮ ರಾಯಭಾರ ಕಚೇರಿಗಳಲ್ಲಿ ಭಾರತೀಯ ಸಮುದಾಯ ಕಲ್ಯಾಣ ನಿಧಿ ಎಂಬುದೊಂದಿದೆ. ದಿಕ್ಕಿಲ್ಲದವರಿಗೆ ಊಟ ವಸತಿ, ತುರ್ತು ಚಿಕಿತ್ಸೆ, ಊರಿಗೆ ಟಿಕೇಟು, ಶವ ಸಾಗಿಸುವುದು ಮುಂತಾದುವಕ್ಕೆ ಅದರಿಂದ ನೆರವಾಗುತ್ತಾರೆ. ಅದು ವಿಮೆಯಲ್ಲ, ಹಕ್ಕೆಂದು ಕೇಳುವಂತಿಲ್ಲ. ಆದರೂ ಇದೆಯೆಂದು ತಿಳಿದಿರಬೇಕು.

ಹುಡುಗನ ಸಿಟ್ಟು ಅಷ್ಟು ಹೊತ್ತಿಗೆ ಇಳಿದಿತ್ತು. "ಹಂಗಾರೆ ಆ 275 ರೂಪಾಯಿದು ಮಾಡ್ಸಿದ್ರೆ ಸಾಕಾ ಸಾರ್?" ಎಂದ. ತಾಯಿಯ ಪ್ರಶ್ನೆಯೇ ಮಗನ ಬಾಯಲ್ಲಿ!

ಸಾಲದು. ಒಂದು ಲಕ್ಷ ರೂಪಾಯಿ ಆಸ್ಪತ್ರೆ ಖರ್ಚು ಎಂದರೆ ನಮಗೆ ದೊಡ್ಡದು. ಅಲ್ಲಿನ ಹಣದಲ್ಲಿ ಸುಮಾರು ನಾಲ್ಕು ಸಾವಿರ ದಿರ್ಹಮ್. ದೊಡ್ಡ ಶಸ್ತ್ರಚಿಕಿತ್ಸೆಗೆ ಅದು ಬಾಗಿಲವರೆಗೂ ಬಾರದು. ಅಲ್ಲಿ ದಿನನಿತ್ಯದ ಆರೋಗ್ಯಕ್ಕೆ ನಿಜವಾಗಿ ಒದಗುವುದು ಮಾಲಿಕ ಮಾಡಿಸುವ ಆರೋಗ್ಯ ವಿಮೆ. ಸೌದಿಯಲ್ಲಿ ಖಾಸಗಿ ಸಂಸ್ಥೆಗಳ ನೌಕರರಿಗೆ ಅದು ಮಾಲಿಕನ ಹೊಣೆ. ಅಬುಧಾಬಿ, ದುಬೈಗಳಲ್ಲಿ ಮುಂಚಿನಿಂದಲೂ ಇತ್ತು. 2025ರ ಜನವರಿ 1ರಿಂದ ಷಾರ್ಜಾ ಮೊದಲಾದ ಉಳಿದ ಎಮಿರೇಟುಗಳಲ್ಲಿಯೂ ಖಾಸಗಿ ನೌಕರರಿಗೆ ಕಡ್ಡಾಯವಾಯಿತು. ಇದರ ಕಂತು ಮಾಲಿಕ ಕಟ್ಟತಕ್ಕದ್ದು, ನೌಕರನ ಸಂಬಳದಿಂದ ಹಿಡಿಯತಕ್ಕದ್ದಲ್ಲ. ಆದ್ದರಿಂದ ಉದ್ಯೋಗದ ಕರಾರಿನಲ್ಲಿ ಆರೋಗ್ಯ ವಿಮೆಯ ಮಾತು ಇದೆಯೆ ಎಂದು ಸಹಿ ಹಾಕುವ ಮುನ್ನವೇ ನೋಡಿ. ಎಮಿರೇಟ್ಸಿನಲ್ಲಿ 2023ರಿಂದ ಕೆಲಸ ಹೋದವರಿಗೆಂದು ಇನ್ನೊಂದು ವಿಮೆ ಬಂದಿದೆ. ಇದರ ಕಂತನ್ನು ಮಾತ್ರ ನೌಕರನೇ ಕಟ್ಟಬೇಕು. ಕಡಮೆ ಸಂಬಳದವರಿಗೆ ತಿಂಗಳಿಗೆ ಐದು ದಿರ್ಹಮ್. ಒಂದು ವರ್ಷ ಬಿಡದೆ ಕಟ್ಟಿದವನು ತನ್ನ ತಪ್ಪಿಲ್ಲದೆ ಕೆಲಸ ಕಳೆದುಕೊಂಡರೆ ಮೂರು ತಿಂಗಳವರೆಗೆ ಮೂಲ ಸಂಬಳದ ನೂರಕ್ಕೆ ಅರವತ್ತು ಭಾಗ ಬರುತ್ತದೆ. ಕಟ್ಟದಿದ್ದರೆ ದಂಡ. ನಮ್ಮ ಹುಡುಗರು ಹಲವರು ದಂಡ ಬಿದ್ದ ಮೇಲೆಯೇ ಇದರ ಹೆಸರು ಕೇಳುತ್ತಾರೆ.

ಎಲ್ಲಕ್ಕಿಂತ ಹೆಚ್ಚಾಗಿ ನಾನು ಒತ್ತಿ ಹೇಳಬೇಕಾದ್ದು ಹತ್ತು ಲಕ್ಷದ ವಿಷಯ. ಅದು ಅಪಘಾತದ ಸಾವಿಗೆ ಮಾತ್ರ. ಬಿಸಿಲಿನಲ್ಲಿ ದುಡಿದು ರಾತ್ರಿ ಮಲಗಿದವನು ಬೆಳಿಗ್ಗೆ ಏಳಲಿಲ್ಲ, ಹೃದಯ ನಿಂತಿತು ಎಂದರೆ ಅದು ಅಪಘಾತವಲ್ಲ. ಮನೆಯವರು ಹತ್ತು ಲಕ್ಷ ಬರುತ್ತದೆಂದು ವರ್ಷಗಟ್ಟಲೆ ಕಾದು ಕುಳಿತದ್ದನ್ನು ನಾನು ಕಂಡಿದ್ದೇನೆ. ಮರಣಪತ್ರದಲ್ಲಿ 'ಸಹಜ' ಎಂಬ ಒಂದು ಮಾತು ಅವರ ದಾರಿಯನ್ನು ಮುಚ್ಚಿಬಿಟ್ಟಿತ್ತು. ಇದಕ್ಕೆ ಬೇಕಾದದ್ದು ಜೀವ ವಿಮೆ. ಅದು ನಮಗೆ ಹೊಸದಲ್ಲ; ಮೈಸೂರು ಸರ್ಕಾರ 1891ರಲ್ಲಿಯೇ ತನ್ನ ನೌಕರರಿಗೆ ಜೀವ ವಿಮೆ ಏರ್ಪಡಿಸಿತ್ತು. ಈಗಂತೂ ಬ್ಯಾಂಕಿನ ಖಾತೆಯಿದ್ದರೆ ಸಾಕು, ಪ್ರಧಾನಮಂತ್ರಿ ಜೀವನ ಜ್ಯೋತಿ ಯೋಜನೆಯಲ್ಲಿ ವರ್ಷಕ್ಕೆ 436 ರೂಪಾಯಿಗೆ ಎರಡು ಲಕ್ಷ, ಯಾವ ಕಾರಣದ ಸಾವಿಗಾದರೂ. ಐವತ್ತು ವರ್ಷದೊಳಗಿನವರು ಸೇರಬಹುದು. ಖಾತೆಯಲ್ಲಿ ಆ ಹಣ ಪ್ರತಿ ವರ್ಷ ಮೇ ತಿಂಗಳ ಕೊನೆಗೆ ಇರಬೇಕು. ಪರದೇಶಕ್ಕೆ ಹೋದವನು ಖಾತೆ ಬರಿದು ಮಾಡಿ ಹೋದರೆ ವಿಮೆಯೂ ಬರಿದು. ಶಕ್ತಿಯಿದ್ದವರು ಅವಧಿ ವಿಮೆಯನ್ನೇ ಕೊಳ್ಳಲಿ. ಕೊಳ್ಳುವಾಗ ಪರದೇಶದಲ್ಲಿ ಇರುತ್ತೇನೆ, ಕೆಲಸ ಇಂಥದು ಎಂದು ಬರೆಸಲಿ.

ಹೆಸರಿನ ವಿಷಯ ಒಂದು ಹೇಳಿಬಿಡುತ್ತೇನೆ. ನಮ್ಮವರ ಹೆಸರಿನ ಹಿಂದೆ ಮುಂದೆ ಊರು, ತಂದೆ, ಇನಿಷಿಯಲ್ಲುಗಳು ಅಂಟಿಕೊಂಡಿರುತ್ತವೆ. ಪಾಸ್‌ಪೋರ್ಟಿನಲ್ಲಿ ಊರೇ ಮನೆತನದ ಹೆಸರಾಗಿ ಕುಳಿತು, ಆಧಾರದಲ್ಲಿ ತಂದೆಯ ಹೆಸರಿರುತ್ತದೆ, ವಿಮೆಯ ನಾಮನಿರ್ದೇಶನದಲ್ಲಿ ತಾಯಿಯ ಹೆಸರು ಮನೆಯಲ್ಲಿ ಕರೆಯುವ ಹೆಸರಾಗಿರುತ್ತದೆ. ನನ್ನ ಕಚೇರಿಯ ದಿನಗಳಲ್ಲಿ ಹಣ ಕೊಡಲು ತಡವಾದ ಕಡತಗಳಲ್ಲಿ ಅರ್ಧದಷ್ಟಾದರೂ ಇಂಥವೇ ಇದ್ದವೆಂದು ನನ್ನ ನೆನಪು. ಎಲ್ಲ ಕಾಗದದಲ್ಲಿಯೂ ಒಂದೇ ಅಕ್ಷರ ಇರಲಿ. ಕಂಪನಿ ಹಣ ನಿರಾಕರಿಸಿದರೆ ಮೊದಲು ಅದರ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಸರಿಯಾದ ಉತ್ತರ ಬಾರದಿದ್ದರೆ ಬೆಂಗಳೂರಿನಲ್ಲಿ ವಿಮಾ ಒಂಬುಡ್ಸ್‌ಮನ್ನರಿದ್ದಾರೆ. ವಕೀಲರು ಬೇಡ, ಶುಲ್ಕವಿಲ್ಲ.

ಹುಡುಗ ಆ ಏಜೆಂಟನ ದಾರಿಯನ್ನು ಬಿಟ್ಟ. ಕೊಟ್ಟ ದುಡ್ಡಿನಲ್ಲಿ ಅರ್ಧವೂ ಹಿಂದಕ್ಕೆ ಬರಲಿಲ್ಲ. ಎರಡು ತಿಂಗಳು ಅಡಿಕೆ ಮರ ಹತ್ತುವವರೊಂದಿಗೆ ಕೂಲಿ ಮಾಡಿದ. ಆಮೇಲೆ ನೋಂದಾಯಿತ ಏಜೆಂಟರ ಮೂಲಕ ಷಾರ್ಜಾದ್ದೇ ಇನ್ನೊಂದು ಕೆಲಸ ಸಿಕ್ಕಿತು; ಕೆಲಸದ ವೀಸಾ, ವಲಸೆ ಅನುಮತಿ, ಬಿಮಾ ಯೋಜನೆ ಎಲ್ಲ ಆಯಿತು. ನಾನು ಇನ್ನೊಂದು ಕಾಗದ ಸೇರಿಸಿದೆ. ಅಲ್ಲಿ ಇಳಿದ ದಿನವೇ ಮಾಲಿಕನ ಆರೋಗ್ಯ ಕಾರ್ಡು ಕೈಗೆ ಬರುವುದಿಲ್ಲ; ವಾಸದ ಪರವಾನಗಿ, ಗುರುತಿನ ಚೀಟಿ ಆಗುವವರೆಗೆ ವಾರಗಳು ಹಿಡಿಯುತ್ತವೆ. ಆ ನಡುವಿನ ತೆರವಿಗೆ ಅರವತ್ತು ದಿನದ ಪ್ರವಾಸ ವಿಮೆ, ಉದ್ಯೋಗಕ್ಕೆ ಎಂದು ಬರೆಸಿ, ಇಲ್ಲಿಂದ ಹೊರಡುವ ಮೊದಲೇ ಕೊಂಡದ್ದು. ವಿಮಾನ ಹತ್ತಿದ ಮೇಲೆ ಇದನ್ನು ಕೊಳ್ಳಲು ಸಾಮಾನ್ಯವಾಗಿ ಬರುವುದಿಲ್ಲ. ಕಂಪನಿಯ ಸಹಾಯವಾಣಿಯ ಸಂಖ್ಯೆಯನ್ನು ಮೂರು ಕಡೆ ಬರೆಸಿದೆ: ಅವನ ಫೋನಿನಲ್ಲಿ, ಪಾಸ್‌ಪೋರ್ಟಿನ ಜತೆಯ ಚೀಟಿಯಲ್ಲಿ, ಮತ್ತು ಮನೆಯ ಗೋಡೆಯಲ್ಲಿ, ಕ್ಯಾಲೆಂಡರಿನ ಪಕ್ಕಕ್ಕೆ.

ಹೋಗಿ ಇಪ್ಪತ್ತಾರನೆಯ ದಿನ ಅವನಿಗೆ ಹೊಟ್ಟೆನೋವು ಬಂತು. ಅಪೆಂಡಿಕ್ಸ್. ಜತೆಯ ಕೋಣೆಯವರು ಆಸ್ಪತ್ರೆಗೆ ಹೊರಡುವ ಮೊದಲೇ ಆ ಸಂಖ್ಯೆಗೆ ಮಾತನಾಡಿದರು. ಹಾಗೆ ಮೊದಲೇ ತಿಳಿಸಿದ್ದರಿಂದ ಆಸ್ಪತ್ರೆಯ ಬಿಲ್ಲು ನೇರವಾಗಿ ಕಂಪನಿಗೆ ಹೋಯಿತು. ತಾಯಿ ಸುದ್ದಿ ಹೇಳಲು ನನ್ನ ಜಗಲಿಗೆ ಬಂದಾಗ ಅಳುವೂ ನಗುವೂ ಕೂಡಿತ್ತು. ಒಂದು ಸಂಶಯ ಮಾತ್ರ ಉಳಿದಿತ್ತು.

"ಎಲ್ಲ ಅವ್ರೇ ಕೊಟ್ರು ಸಾರ್. ಮೊದಲ ನೂರು ಡಾಲರು ನೀನೇ ಕೊಡ್ಬೇಕು ಅಂದ್ರಂತೆ. ಅದ್ಯಾಕೆ?"

ಅದು ಕರಾರಿನಲ್ಲಿ ಮೊದಲೇ ಬರೆದಿರುತ್ತದೆ, ಸಣ್ಣ ಪುಟ್ಟ ಖರ್ಚಿಗೆಲ್ಲ ಕಂಪನಿಯನ್ನು ಕರೆಯದಿರಲೆಂದು ಮೊದಲ ಭಾಗವನ್ನು ನಮ್ಮ ಪಾಲಿಗೆ ಬಿಡುತ್ತಾರೆ ಎಂದು ವಿವರಿಸಿದೆ. ನೂರು ಡಾಲರಿಗೆ ಎಷ್ಟು ರೂಪಾಯಿ ಎಂದು ಕೇಳಿದಳು. ಹೇಳಿದೆ. ಆಕೆ ಜಗಲಿಯ ಅಂಚಿನಲ್ಲಿ ಕುಳಿತು, ಅಷ್ಟಕ್ಕೆ ಎಷ್ಟು ಕಿಲೋ ಅಡಿಕೆ ಸುಲಿಯಬೇಕಾಗುತ್ತದೆಂದು ಚೊಗರಿನ ಬೆರಳುಗಳನ್ನು ಒಂದೊಂದಾಗಿ ಮಡಿಚತೊಡಗಿದಳು.